ಬಾಗಿಲಲ್ಲಿ ಬಿಟ್ಟು ಬಂದ ಮಾತು

ಫುನಾಬೊರಿಯ ನಮ್ಮ ಮನೆಯ ಬಾಗಿಲು ತೆಗೆದರೆ ಮೊದಲು ಸಿಗುತ್ತಿದ್ದದ್ದು ಒಂದು ತಗ್ಗು ಜಾಗ. ನಾಲ್ಕು ಜೊತೆ ಚಪ್ಪಲಿ ಇಟ್ಟರೆ ಐದನೆಯದಕ್ಕೆ ಎಡೆಯಿಲ್ಲ. ಶೂ ಅಲ್ಲಿ ಕಳಚಿ, ಗೇಣೆತ್ತರ ಮೇಲೆ ಹತ್ತಿ ಒಳಗೆ ಬರಬೇಕು. ಅಮ್ಮ ಅಲ್ಲಿ ಇನ್ನೊಂದನ್ನೂ ಬಿಡಿಸುತ್ತಿದ್ದಳು. ಚಪ್ಪಲಿ, ಜಪಾನೀಸು ಎರಡೂ ಬಾಗಿಲಲ್ಲೇ ಎಂಬುದು ಅವಳು ಮಾಡಿದ ಕಾನೂನು. ಮೈಸೂರಿನಿಂದ ಜಪಾನಿಗೆ ಬಂದಾಗ ನನಗೆ ಎಂಟು ವರ್ಷ, ತಂಗಿ ಸಿರಿಗೆ ಇನ್ನೂ ಆರು ತುಂಬಿರಲಿಲ್ಲ. ನಾನು ಎರಡನೇ ಕ್ಲಾಸು ಕನ್ನಡದಲ್ಲಿ ಓದಿ ಬಂದವಳು. ಮಿಕ್ಕದ್ದನ್ನು ಅಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕಲಿಸಿದಳು. ಹಾಗಾಗಿ ನನಗೆ ಆ ಕಾನೂನು ಭಾರವಾಗಲಿಲ್ಲ. ಸಿರಿಗೆ ಕನ್ನಡ ಕೇಳಿದರೆ ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು, ಮಾತಾಡಲು ಹೋದರೆ ಮಾತ್ರ ನಾಲ್ಕು ಪದಕ್ಕೆ ತಡವರಿಸುತ್ತಿದ್ದಳು. ಅವಳು ಜಪಾನೀಸಿನಲ್ಲಿ ಉತ್ತರ ಕೊಟ್ಟರೆ ಅಮ್ಮ ಸೊಪ್ಪು ಸೋಸುತ್ತಾ ತಲೆ ಎತ್ತದೆ ಹೇಳುತ್ತಿದ್ದಳು:

"ಕೇಳಿಸ್ಲಿಲ್ಲ ಕಣಮ್ಮ. ಕನ್ನಡದಲ್ಲಿ ಹೇಳು."

ಚಿಕ್ಕವಳಿದ್ದಾಗ ಸಿರಿ ಇದಕ್ಕೆ ಕಾಲು ನೆಲಕ್ಕೆ ಬಡಿದು ಅಳುತ್ತಿದ್ದಳು. ಆಮೇಲೆ ನನ್ನ ಕಿವಿಯಲ್ಲಿ ಜಪಾನೀಸಿನಲ್ಲಿ ಉಸುರಿ, ನಾನು ಅದನ್ನು ಕನ್ನಡ ಮಾಡಿ ಅಮ್ಮನಿಗೆ ಹೇಳುವುದು ರೂಢಿಯಾಯಿತು. ಅಮ್ಮನಿಗೂ ಇದರಿಂದ ಜಪಾನೀಸು ಹತ್ತಲಿಲ್ಲ. ಅಂಗಡಿಯಲ್ಲಿ ಕ್ಷಮಿಸಿ ಎನ್ನಲು ಸುಮಿಮಾಸೆನ್, ಥ್ಯಾಂಕ್ಸಿಗೆ ಅರಿಗಾತೋ, ಅಷ್ಟಕ್ಕೆ ಅವಳ ಭಾಷೆ ಮುಗಿಯುತ್ತಿತ್ತು. ಅಪ್ಪನದು ಆಫೀಸಿನಲ್ಲೆಲ್ಲ ಇಂಗ್ಲಿಷು. ವಾರ್ಡ್ ಆಫೀಸಿನ ಪತ್ರ, ಗ್ಯಾಸಿನವನ ಚೀಟಿ, ಸ್ಕೂಲಿನ ಸುತ್ತೋಲೆ, ಕೆಳಗಿನ ಮನೆಯ ಅಜ್ಜಿ ನಮ್ಮ ಮಿಕ್ಸಿಯ ಸದ್ದಿನ ಬಗ್ಗೆ ಬರೆದು ಅಂಟಿಸಿದ ಕಾಗದ, ಎಲ್ಲವನ್ನೂ ನಾನೇ ಓದಿ ಹೇಳಬೇಕು. ನನಗದು ಹೆಮ್ಮೆ. ಹತ್ತು ವರ್ಷಕ್ಕೇ ನಾನು ಆ ಮನೆಯ ಕಿವಿಯೂ ಬಾಯಿಯೂ ಆಗಿದ್ದೆ. ಏನು ಹೇಳಬೇಕು, ಏನು ನುಂಗಬೇಕು ಎಂಬ ಅಧಿಕಾರ ಒಂದು ಸಣ್ಣ ಹುಡುಗಿಯ ಕೈಯಲ್ಲಿದೆ ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಅಜ್ಜಿಯ ಕಾಗದವನ್ನು ನಾನು ಅಮ್ಮನಿಗೆ "ಹೊಸ ವರ್ಷದ ಶುಭಾಶಯ ಅಂತೆ" ಎಂದು ಓದಿದ್ದೆ.

ಐದನೇ ಮಹಡಿಯ ಹಳೇ ಮನೆ ಅದು. ಒಂದು ಹಾಲು, ಅದಕ್ಕೇ ಅಂಟಿಕೊಂಡ ಅಡುಗೆಕಟ್ಟೆ, ಅಪ್ಪ ಅಮ್ಮನ ಕೋಣೆ, ಚಾಪೆ ಹಾಸಿದ ನಮ್ಮಿಬ್ಬರ ಕೋಣೆ. ದೇವರು ಫ್ರಿಜ್ಜಿನ ಮೇಲೆ. ನಮ್ಮ ಕೋಣೆಗೆ ಸರಿಸುವ ಕಾಗದದ ಬಾಗಿಲು. ಈ ಕಡೆ ಕೆಮ್ಮಿದರೆ ಆ ಕಡೆಯವರು ನೀರು ತಂದುಕೊಡಬಹುದು, ಅಷ್ಟು ತೆಳು. ಹಗಲು ಹೊತ್ತು ಹಾಸಿಗೆ ಮಡಚಿಡಲು ಗೋಡೆಯೊಳಗೆ ಎರಡು ಅಂತಸ್ತಿನ ಆಳವಾದ ಕಪಾಟು, ಅದರ ಮೇಲೆ ಸೂರಿಗೆ ತಾಗಿದಂತೆ ಇನ್ನೊಂದು ಪುಟ್ಟ ಕಪಾಟು. ಕೊರೋನಾ ಬಂದ ವಸಂತದಲ್ಲಿ ಅಪ್ಪನ ಆಫೀಸು ಹಾಲಿಗೇ ಬಂದು ಕೂತಿತು. ಅಲ್ಲಿಂದ ನಮ್ಮ ಮನೆಯ ಮಂತ್ರ ಒಂದೇ, ಅಮ್ಮ ಬೆರಳನ್ನು ತುಟಿಗಿಟ್ಟು ಹೇಳುತ್ತಿದ್ದದ್ದು:

"ಮೆತ್ತಗೆ. ಅಪ್ಪಂಗೆ ಮೀಟಿಂಗ್ ಇದೆ."

ಕುಕ್ಕರಿನ ವಿಷಲ್ ಕೂಡ ಮೀಟಿಂಗಿನ ನಡುವೆ ಕೂಗುವಂತಿರಲಿಲ್ಲ. ಒಗ್ಗರಣೆಗೆ ಸಾಸಿವೆ ಹಾಕುವ ಮುಂಚೆ ಅಮ್ಮ ಅಪ್ಪನ ಮುಖ ನೋಡುತ್ತಿದ್ದಳು, ಅಪ್ಪ ಮೈಕ್ ಮುಚ್ಚಿ ತಲೆಯಾಡಿಸಿದರೆ ಸಾಸಿವೆ ಸಿಡಿಯಬೇಕು. ಬೇರೆ ಕಾಲವಾಗಿದ್ದರೆ ನಗು ಬರುವಂಥದ್ದೇ. ಆಗ ಯಾರೂ ನಗಲಿಲ್ಲ.

ಆ ವರ್ಷ ಸಿರಿ ಹೈಯರ್ ಪ್ರೈಮರಿಯಂಥ ಜೂನಿಯರ್ ಹೈಸ್ಕೂಲಿಗೆ ಹೊಸದಾಗಿ ಸೇರಿದಳು. ಅದೇ ಸ್ಕೂಲಿನಲ್ಲಿ ನಾನು ಕೊನೆಯ ವರ್ಷ, ಚಳಿಗಾಲ ಮುಗಿಯುವುದರೊಳಗೆ ಹೈಸ್ಕೂಲಿನ ಪ್ರವೇಶ ಪರೀಕ್ಷೆ. ಸ್ಕೂಲು ಎರಡು ತಿಂಗಳು ಮುಚ್ಚಿ, ಜೂನಿನಲ್ಲಿ ತೆರೆಯಿತು. ದಿನಾ ಬೆಳಿಗ್ಗೆ ಮನೆಯಲ್ಲಿ ಜ್ವರ ನೋಡಿ ಒಂದು ಕಾರ್ಡಿನಲ್ಲಿ ಬರೆದು, ಸಹಿಯ ಬದಲು ದೊಡ್ಡವರ ಮೊಹರು ಒತ್ತಿಸಿಕೊಂಡು ಹೋಗಬೇಕು. ಕೆಮ್ಮು, ಗಂಟಲು, ಆಯಾಸ ಅಂತ ಕಾಲಮ್ಮುಗಳು. ಕೊನೆಯದು, "ಮನೆಯವರಿಗೆ ಕಳವಳ ತರುವ ಬೇರೇನಾದರೂ". ಇಬ್ಬರ ಕಾರ್ಡನ್ನೂ ಬರೆಯುವವಳು ನಾನೇ, ಅಪ್ಪನ ಮೊಹರು ಒತ್ತುವವಳೂ ನಾನೇ. ಮೊದಲ ವಾರ ಥರ್ಮಾಮೀಟರ್ ಇಟ್ಟೆ. ಆಮೇಲೆ ಭಾನುವಾರವೇ ಕೂತು ಇಡೀ ವಾರದ್ದು ತುಂಬಿಸುತ್ತಿದ್ದೆ, ಮೂವತ್ತಾರೂವರೆ ಡಿಗ್ರಿಯ ಆಚೀಚೆ. ಕೊನೆಯ ಕಾಲಮ್ಮಿನಲ್ಲಿ ದಿನವೂ "ಏನೂ ಇಲ್ಲ".

ಸಿರಿಯ ಹೊಸ ಕ್ಲಾಸಿನಲ್ಲಿ ಒಬ್ಬರೂ ಅವಳ ಪೂರ್ತಿ ಮುಖ ನೋಡಿರಲಿಲ್ಲ. ಮೊದಲ ದಿನದಿಂದಲೇ ಮಾಸ್ಕು. ಅದೇ ಬೇಸಿಗೆಯಲ್ಲಿ ಅವಳ ಗಲ್ಲದ ತುಂಬ ಮೊಡವೆ ಎದ್ದವು, ಮೇಲ್ದುಟಿಯ ಮೇಲೆ ಕಪ್ಪು ರೋಮದ ಗೆರೆ ಮೂಡಿತು. ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಅದು ಇದ್ದದ್ದೇ. ಮಾಸ್ಕು ತೆಗೆಯಬೇಕಾದದ್ದು ಒಂದೇ ಹೊತ್ತಿನಲ್ಲಿ, ಊಟಕ್ಕೆ. ಎಲ್ಲರೂ ಬೋರ್ಡಿನ ಕಡೆ ಮುಖ ಮಾಡಿ, ಯಾರೂ ಮಾತಾಡದೆ ಉಣ್ಣಬೇಕು ಎಂಬ ನಿಯಮ ಬಂದಿತ್ತು. ಪ್ರೈಮರಿಯಲ್ಲಿ ಇವಳ ಡಬ್ಬಿಯ ಚಪಾತಿಗೆ ಐದು ಹುಡುಗಿಯರು ಬೆಂಚು ಜೋಡಿಸಿಕೊಂಡು ಮುತ್ತುತ್ತಿದ್ದರು. ಈಗ ನಲವತ್ತು ಜನರ ಮೌನದಲ್ಲಿ ಇವಳ ಡಬ್ಬಿ ತೆರೆದರೆ ಇಂಗಿನ ವಾಸನೆಯೊಂದೇ ಮಾತಾಡಬೇಕು. ಅವಳು ಡಬ್ಬಿ ತೆರೆಯುವುದನ್ನೇ ಬಿಟ್ಟಳು. ಮನೆಗೆ ಬರುವ ದಾರಿಯ ಪಾರ್ಕಿನಲ್ಲಿ ಒಂದು ದಿನ ನನ್ನ ತೋಳು ಹಿಡಿದು, ಡಬ್ಬಿ ಮುಂದೆ ಚಾಚಿದಳು. ಜಪಾನೀಸಿನಲ್ಲೇ ಕೇಳಿದಳು, "ಅಕ್ಕ, ನೀನು ತಿನ್ನುತ್ತೀಯಾ? ಹಾಗೇ ಒಯ್ದರೆ ಅಮ್ಮ ಕೇಳುತ್ತಾಳೆ."

ನಾನು ತಿಂದೆ. ಅವತ್ತು ಚಿತ್ರಾನ್ನ. ಅದು ಜೂನು, ನವೆಂಬರಿನವರೆಗೂ ತಿಂದೆ. ಬೆಂಚಿನ ಮೇಲೆ ಅವಳು ನನ್ನ ಬ್ಯಾಗು ಹಿಡಿದು ಕೂರುವಳು, ನಾನು ಗಬಗಬ ನುಂಗುವೆ. ಸುಳ್ಳೇಕೆ, ರುಚಿಯಾಗಿಯೇ ಇರುತ್ತಿತ್ತು. ಅಮ್ಮ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ರೇಗಿಸುತ್ತಿದ್ದಳು:

"ಒಂದೇ ಅನ್ನ, ಒಂದೇ ಸಾರು. ಇವಳು ನೋಡಿದ್ರೆ ಕಡ್ಡಿ ಆಗ್ತಿದಾಳೆ, ನೀನು ನೋಡಿದ್ರೆ ಗುಂಡು ಗುಂಡಗೆ. ಅದ್ಯಾವ ನ್ಯಾಯ ಕಣೇ ಚಾರು?"

"ಅವಳು ಹೈಟ್ ಆಗ್ತಿದಾಳೆ ಅಮ್ಮ, ಅದಕ್ಕೆ."

ಇಂಥ ಉತ್ತರ ನನಗೆ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿದ್ದ ಅಮ್ಮನ ತಮ್ಮ, ನಮ್ಮ ರಘು ಮಾವ, ಕೊರೋನಾ ಬಂದು ಒಂಬತ್ತನೇ ದಿನಕ್ಕೆ ಹೋಗಿಬಿಟ್ಟ. ವಿಮಾನವಿಲ್ಲ, ಹೋದರೆ ತಿರುಗಿ ಬರುವ ಖಾತ್ರಿಯಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಗಂಟನ್ನು ಯಾರೋ ದೂರದಿಂದ ಫೋನಿನಲ್ಲಿ ತೋರಿಸಿದರು. ಅಮ್ಮ ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪಕ್ಕದಲ್ಲಿ ಅಪ್ಪನ ಮೀಟಿಂಗ್ ನಡೆಯುತ್ತಿತ್ತು. ಅವನಿಗೆ ರಜೆ ಕೇಳುವುದು ತೋಚಲಿಲ್ಲವೋ, ಧೈರ್ಯವಾಗಲಿಲ್ಲವೋ, ಇವತ್ತಿಗೂ ನನಗೆ ಆ ಸಿಟ್ಟು ಹೋಗಿಲ್ಲ. ಹದಿಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ:

"ಸಾಕಾಗಿದೆ. ಇನ್ನೊಂದೇನಾದ್ರೂ ಆದ್ರೆ ಎಲ್ಲಾ ಕಟ್ಕೊಂಡು ವಾಪಸ್ ಹೊರಟುಬಿಡೋಣ."

ಆ ಮಾತು ನನ್ನ ಎದೆಯಲ್ಲಿ ನಾಟಿತು. ಸೈತಾಮಾ ಕಡೆಯ ಒಂದು ಹೈಸ್ಕೂಲಿನ ಕನಸಿನಲ್ಲಿ ನಾನು ಎರಡು ವರ್ಷದಿಂದ ಕಣ್ಣು ಕೆಂಪಗೆ ಮಾಡಿಕೊಂಡು ಓದುತ್ತಿದ್ದೆ. ಇನ್ನೊಂದೇನೂ ಆಗಬಾರದು. ಆದರೂ ಆಗಿದೆ ಅಂತ ಯಾರಿಗೂ ಗೊತ್ತಾಗಬಾರದು.

ಅಮ್ಮ ಆ ದಿನಗಳಲ್ಲಿ ನಮ್ಮವರದೊಂದು ಗುಂಪು ನಡೆಸಿದ ಆನ್‌ಲೈನ್ ಉಪನ್ಯಾಸ ಕೇಳಿದಳು. ಕಷ್ಟಕಾಲದಲ್ಲಿ ಹರೆಯದ ಮಕ್ಕಳ ಮನಸ್ಸು ಗಟ್ಟಿ ಮಾಡುವುದು ಹೇಗೆ ಎಂಬುದು ವಿಷಯ. ಕೊನೆಯಲ್ಲಿ ಅಮ್ಮ ಮೈಕ್ ತೆಗೆದು "ನಮ್ಮ ಚಾರು ತುಂಬಾ ಸ್ಟ್ರಾಂಗ್, ಮೇಡಂ. ಮನೆ ಪೂರ್ತಿ ಅವಳೇ ಮ್ಯಾನೇಜ್ ಮಾಡ್ತಾಳೆ" ಎಂದಳು. ಅವರು ಚಪ್ಪಾಳೆಯ ಚಿತ್ರ ಹಾಕಿದರು. ಅವತ್ತಿನಿಂದ ಸಂಜೆ ದೀಪ ಹಚ್ಚಿದ ಮೇಲೆ ನಾವಿಬ್ಬರೂ ಆ ದಿನದ ಮೂರು ಒಳ್ಳೆಯ ಸಂಗತಿ ಹೇಳಬೇಕು, ಕನ್ನಡದಲ್ಲಿ. ನಾನು ಉದ್ದುದ್ದ ಹೇಳುತ್ತಿದ್ದೆ. ಸಿರಿಗೆ ಅಷ್ಟು ಪದಗಳೆಲ್ಲಿಂದ ಬರಬೇಕು?

"ಅನ್ನ. ಲಿಫ್ಟ್ ಖಾಲಿ. ಮಾಸ್ಕ್."

ಅಮ್ಮ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ಅಮ್ಮ ನಕ್ಕಳಲ್ಲ ಅಂತ ನಾನೂ ನಕ್ಕೆ. ಸಿರಿ ಮರುದಿನವೂ ಅದನ್ನೇ ಹೇಳಿದಳು, ಅದರ ಮರುದಿನವೂ.

ಅಕ್ಟೋಬರಿನಲ್ಲಿ ಅವಳು ಸ್ಕೂಲಿನಿಂದ ಬಂದವಳೇ ಹಾಸಿಗೆಯ ಕಪಾಟಿನ ಮೇಲಿನ ಅಂತಸ್ತು ಹತ್ತಿ, ಬಾಗಿಲೆಳೆದುಕೊಂಡು ಕೂರುವುದು ಶುರುವಾಯಿತು. ಕತ್ತಲಲ್ಲಿ, ಮಡಚಿದ ರಜಾಯಿಗಳ ಮೇಲೆ. ನನಗೆ ಓದಲು ಕೋಣೆ ಪೂರ್ತಿ ಸಿಕ್ಕಿತಲ್ಲ ಎಂದು ಮೊದಲು ಖುಷಿಯಾಯಿತು. ಒಂದು ಸಂಜೆ ಒಳಗಿನಿಂದ ಜಪಾನೀಸಿನಲ್ಲಿ ಕೇಳಿದಳು:

"ಅಕ್ಕ, ಬೆಳಿಗ್ಗೆ ಎದ್ದರೆ ಎದೆ ಮೇಲೆ ಯಾರೋ ಕೂತಂತೆ ಆಗುತ್ತೆ. ಅಮ್ಮನಿಗೆ ಹೇಳಬೇಕು. ಕನ್ನಡದಲ್ಲಿ ಇದನ್ನು ಹೇಗೆ ಹೇಳುವುದು?"

ನನ್ನ ಮುಂದೆ ಗಣಿತದ ಮಾದರಿ ಪ್ರಶ್ನೆಪತ್ರಿಕೆ ಇತ್ತು, ಗಡಿಯಾರ ಓಡುತ್ತಿತ್ತು. "ಆಮೇಲೆ ಹೇಳಿಕೊಡ್ತೀನಿ, ಸುಮ್ನಿರು" ಅಂದೆ. ಹೇಳಿಕೊಡಲಿಲ್ಲ. ಮರೆತೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ನವೆಂಬರಿನ ಕೊನೆಗೆ ಸಿರಿಯ ಕ್ಲಾಸ್ ಟೀಚರ್ ಅಮ್ಮನನ್ನು ಕರೆಸಿದರು. ನೊಮುರಾ ಸೆನ್ಸೇ ಅಂತ, ಸೆನ್ಸೇ ಎಂದರೆ ಅಲ್ಲಿ ಮೇಷ್ಟ್ರು. ಐವತ್ತರ ಹತ್ತಿರದ ಗಂಡಸು, ಮಾಸ್ಕಿನ ಮೇಲೆ ಯಾವಾಗಲೂ ಮಂಜಾಗುವ ಕನ್ನಡಕ. ವಾರ್ಡಿನಿಂದ ಬರಬೇಕಿದ್ದ ದುಭಾಷಿಯ ಮನೆಯಲ್ಲಿ ಯಾರಿಗೋ ಜ್ವರ, ಬರಲಿಲ್ಲ. ಇನ್ನೊಂದು ದಿನ ಇಟ್ಟುಕೊಳ್ಳೋಣವೇ ಎಂದು ಅವರು ಕೇಳಿದ್ದನ್ನು ನಾನೇ ಅಮ್ಮನಿಗೆ ಹೇಳಿದೆ. ಅಮ್ಮ ಕೈಯಾಡಿಸಿಬಿಟ್ಟಳು.

"ಅಯ್ಯೋ, ಇನ್ಯಾಕೆ ಅವರಿಗೆ ತೊಂದರೆ? ನೀನಿದೀಯಲ್ಲ. ಹೇಳ್ತೀಯ ಅಂತ ಹೇಳು."

ಸೆನ್ಸೇ ನನ್ನನ್ನು ಒಂದು ಗಳಿಗೆ ನೋಡಿದರು. ಅಕ್ಕನ ಮೇಲೆ ಇಷ್ಟು ಭಾರ ಹಾಕುವುದು ಸರಿಯಲ್ಲ, ಆದರೆ ಇದು ತಡೆಯುವ ವಿಷಯವೂ ಅಲ್ಲ ಎಂದರು. ನಾಲ್ಕು ಬೆಂಚು ಜೋಡಿಸಿದ್ದರು, ನಡುವೆ ಪ್ಲಾಸ್ಟಿಕ್ಕಿನ ಪರದೆ. ಚಳಿಯಲ್ಲೂ ಕಿಟಕಿಗಳೆಲ್ಲ ತೆರೆದಿದ್ದವು. ಅಮ್ಮ ಕೋಟಿನ ಒಳಗೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಮೇಷ್ಟ್ರ ಮುಂದೆ ಮರ್ಯಾದೆಯಾಗಿರಬೇಕೆಂದು. ಸಿರಿ ಅಮ್ಮನ ಆಚೆ ಕೂತಿದ್ದಳು, ಕೈ ತೊಡೆಯ ಕೆಳಗಿಟ್ಟುಕೊಂಡು.

ಅವರು ನನಗಾಗಿ ಸಣ್ಣ ಸಣ್ಣ ವಾಕ್ಯ ಮಾಡಿ ಹೇಳಿದರು. ಅವು ನನಗೆ ಇವತ್ತಿಗೂ ಹಾಗೇ ಇವೆ.

"ಸಿರಿ ಸಾನ್ ಜೂನಿನಿಂದ ಸ್ಕೂಲಿನಲ್ಲಿ ಊಟ ಮಾಡಿಲ್ಲ. ವಾರಕ್ಕೆ ಮೂರು ದಿನ ನರ್ಸಿನ ಕೋಣೆಯಲ್ಲಿ ಮಲಗುತ್ತಾಳೆ. ಮನೆಯಿಂದ ಬರುವ ಕಾರ್ಡಿನಲ್ಲಿ ದಿನವೂ 'ಏನೂ ಇಲ್ಲ' ಎಂದಿರುತ್ತದೆ, ಹಾಗಾಗಿ ನಾವು ತಡಮಾಡಿದೆವು. ಕ್ಷಮಿಸಿ. ಕಳೆದ ವಾರ ದಿನಚರಿಯಲ್ಲಿ ಬರೆದಿದ್ದಾಳೆ, 'ನಾನು ಇಲ್ಲದೆ ಹೋದರೆ ಈ ಕ್ಲಾಸಿಗೂ ನಮ್ಮ ಮನೆಗೂ ಏನೂ ಕಡಿಮೆಯಾಗುವುದಿಲ್ಲ' ಎಂದು. ಇದು ಅವಳ ತಪ್ಪಲ್ಲ, ನಿಮ್ಮದೂ ಅಲ್ಲ. ದಯವಿಟ್ಟು ಈ ವಾರವೇ ಡಾಕ್ಟರಿಗೆ ತೋರಿಸಿ."

ಅವರು ಒಂದು ಕವರನ್ನು ಪರದೆಯ ಕೆಳಗಿನಿಂದ ಎರಡೂ ಕೈಯಲ್ಲಿ ಸರಿಸಿದರು. ಡಾಕ್ಟರ ಹೆಸರು, ದಾರಿ, ಅವರೇ ಬರೆದ ಪತ್ರ. ಅಮ್ಮ ನನ್ನ ಕಡೆ ತಿರುಗಿದಳು. ಮಾವ ಹೋದ ಮೇಲೆ ಅವಳ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. "ಏನಂತೆ ಪುಟ್ಟ?" ಅಂದಳು. ನಾನು ಅಪ್ಪನ ಮಾತನ್ನು ನೆನೆದೆ, ಬೆಂಗಳೂರಿನ ಗಂಟನ್ನು ನೆನೆದೆ, ನನ್ನ ಪರೀಕ್ಷೆಯನ್ನೂ ನೆನೆದೆ. ಯಾವುದನ್ನು ಮೊದಲು ನೆನೆದೆ ಎಂದು ನನ್ನನ್ನು ಕೇಳಬೇಡಿ.

"ಸಿರಿ ತುಂಬಾ ಸೈಲೆಂಟ್ ಅಂತೆ. ಊಟ ಸ್ವಲ್ಪ ಕಡಿಮೆ ಅಂತೆ, ಈ ವಯಸ್ಸಲ್ಲಿ ಎಲ್ರೂ ಹಾಗೇ ಅಂತೆ. ಇದು ರಜೆ ಹೋಂವರ್ಕ್ ಲಿಸ್ಟು."

"ಅಷ್ಟೇನಾ? ನಾನು ಏನೋ ಅಂತ ಹೆದರಿಬಿಟ್ಟಿದ್ದೆ" ಎಂದು ಅಮ್ಮ ಎದೆ ಸವರಿಕೊಂಡಳು. ಪ್ಲಾಸ್ಟಿಕ್ಕಿನ ಆಚೆಗೆ ಬಾಗಿ ಬಾಗಿ ಅರಿಗಾತೋ, ಅರಿಗಾತೋ ಎಂದಳು. ಸೆನ್ಸೇ ಗಲಿಬಿಲಿಯಾದರು. ಅವರು ಸಿರಿಯನ್ನು ಕೇಳಿದರು, "ಅಮ್ಮನಿಗೆ ಸರಿಯಾಗಿ ಮುಟ್ಟಿತೇ?"

ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವರು ಇಬ್ಬರೇ. ಸಿರಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳು ನನ್ನನ್ನು ಬೈದಿದ್ದರೆ, ಅಲ್ಲೇ ಕಿರುಚಿದ್ದರೆ, ನಾನು ಎಲ್ಲವನ್ನೂ ಒಪ್ಪಿಸಿಬಿಡುತ್ತಿದ್ದೆ. ಅವಳ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಬಸ್ಸು ಹೊರಟುಹೋದ ಮೇಲೆ ಸ್ಟಾಪಿನಲ್ಲಿ ನಿಂತವರು ನೋಡುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಸೆನ್ಸೇಯ ಕಡೆ ತಿರುಗಿ "ಹೌದು, ಅಕ್ಕ ಎಲ್ಲಾ ಹೇಳಿದಳು" ಎಂದಳು.

ಕವರನ್ನು ನನ್ನ ಹಳೇ ಪ್ರೈಮರಿ ಸ್ಕೂಲ್ ಬ್ಯಾಗಿನೊಳಗೆ ತುರುಕಿ, ಆ ಬ್ಯಾಗನ್ನು ಸೂರಿನ ಕಪಾಟಿಗೆ ಸೇರಿಸಿದೆ. ಪರೀಕ್ಷೆ ಮುಗಿದ ದಿನವೇ ತೆಗೆದು ಹೇಳುತ್ತೇನೆ ಎಂದು ನನಗೆ ನಾನೇ ಆಣೆ ಇಟ್ಟುಕೊಂಡೆ. ಜನವರಿಯಲ್ಲಿ ರಜೆ ಮುಗಿದು ಸ್ಕೂಲು ತೆರೆದ ಬೆಳಿಗ್ಗೆ ಸಿರಿ ಶೂ ಹಾಕಿಕೊಂಡು, ಆ ತಗ್ಗು ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಮ್ಮ ಬೆನ್ನು ಸವರಿದಳು, ಗದರಿದಳು, ಕೊನೆಗೆ ಅತ್ತಳು, ಅದೂ ಮೆತ್ತಗೆ. ಸಿರಿ ಶೂ ಬಿಚ್ಚಿ ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಸ್ಕೂಲಿಗೆ ಅವಳು ಮತ್ತೆ ಹೋಗಲೇ ಇಲ್ಲ. ನೊಮುರಾ ಸೆನ್ಸೇ ಎರಡು ಸಲ ಮನೆಗೆ ಬಂದು, ಬಾಗಿಲಾಚೆ ನಿಂತು ನನ್ನ ಮೂಲಕವೇ ಮಾತಾಡಿ ಹೋದರು. ನಾನು ಪರೀಕ್ಷೆ ಪಾಸಾದೆ. ಅಮ್ಮ ಹಯಗ್ರೀವ ಮಾಡಿದಳು. ನಾನು ಏನೂ ಹೇಳಲಿಲ್ಲ. ಸಿರಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದದ್ದು ಅದರ ಮುಂದಿನ ವರ್ಷ. ಅಲ್ಲಿ ಅವಳು ಬಾಯಿ ತೆರೆಯಲಿಲ್ಲ. ಇನ್ನಷ್ಟು ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಹೇಳಬೇಕಾದವಳೂ ನಾನೇ. ಅದನ್ನೂ ನುಂಗಿದೆ.

ಈಗ ನಾನು ಮನೆಯಿಂದ ದೂರ, ಸೆಂಡಾಯ್‌ನಲ್ಲಿ ಕಾಲೇಜು ಓದುತ್ತಿದ್ದೇನೆ. ಗೆಳೆಯರು ನನ್ನನ್ನು ತುಂಬ ಸಮಾಧಾನದ ಹುಡುಗಿ ಎನ್ನುತ್ತಾರೆ. ಯಾರು ಏನು ಕೇಳಿದರೂ ಅವರಿಗೆ ನೋವಾಗದ ಉತ್ತರ ನನ್ನ ಬಾಯಿಂದ ತಾನಾಗಿ ಬರುತ್ತದೆ, ಅದಕ್ಕೆ. ಸಿರಿಗೆ ಹತ್ತೊಂಬತ್ತು. ಅದೇ ಚಾಪೆಯ ಕೋಣೆ ಈಗ ಪೂರ್ತಿ ಅವಳದು. ಅಮ್ಮ ಮೂರು ಹೊತ್ತು ತಟ್ಟೆಯನ್ನು ಬಾಗಿಲ ಮುಂದಿಟ್ಟು, ಎರಡು ಸಲ ತಟ್ಟಿ ಸರಿಯುತ್ತಾಳೆ. ಕಾನೂನು ಯಾವಾಗಲೋ ಹೋಯಿತು. "ಯಾವ ಭಾಷೇಲಾದ್ರೂ ಮಾತಾಡು ಕಂದ" ಎಂದು ಅಮ್ಮ ಆ ಕಾಗದದ ಬಾಗಿಲಿಗೆ ಹಣೆ ಹಚ್ಚಿ ಕೇಳಿದ್ದನ್ನು ನಾನೇ ನೋಡಿದ್ದೇನೆ.

ಈ ಸಲ ರಜೆಗೆ ಬಂದಾಗ ಹೇಳಲೇಬೇಕೆಂದು ನಿಶ್ಚಯಿಸಿದ್ದೆ. ಸೂರಿನ ಕಪಾಟಿನ ಸಾಮಾನನ್ನೆಲ್ಲ ಅಮ್ಮ ಎಂದೋ ಹಾಲಿನ ಕಪಾಟಿಗೆ ಸಾಗಿಸಿದ್ದಳು. ಹನ್ನೊಂದು ಗಂಟೆಯ ಬಿಸಿಲು. ಅಪ್ಪ ಅವತ್ತು ಮನೆಯಿಂದಲೇ ಕೆಲಸ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತನ್ನ ಕೋಣೆಯಲ್ಲಿದ್ದ. ಅಮ್ಮ ಸಿರಿಯ ಬಾಗಿಲಿನ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅದು ಅವಳ ಖಾಯಂ ಜಾಗ. ನಾನು ಬ್ಯಾಗು ಇಳಿಸಿ, ಕವರು ಎಳೆದೆ. ಅದರ ಒಂದು ಮೂಲೆಯಲ್ಲಿ ಕೆಂಪು ಬೊಟ್ಟು. ನಾನು ಉಗುರಿನಿಂದ ಕೆರೆದು, ಮೂಸಿ ನೋಡಿದೆ. ಕುಂಕುಮ.

ಅಮ್ಮ ಹುರುಳಿಕಾಯಿ ಕೆಳಗಿಟ್ಟಳು.

"ಅಮ್ಮ, ಇದು…"

"ಗೊತ್ತು ಕಣೇ. ಸಂಕ್ರಾಂತಿಗೆ ಧೂಳು ಹೊಡೀವಾಗ ಸಿಕ್ಕಿತ್ತು. ಪತ್ರದ ಮೇಲೆ ಫೋನ್ ಹಿಡಿದೆ. ಅದೇ ಕನ್ನಡದಲ್ಲಿ ತೋರಿಸ್ತು."

"ಯಾವ ಸಂಕ್ರಾಂತಿ?"

"ಅದೇ ವರ್ಷದ್ದು. ಅವಳು ಸ್ಕೂಲ್ ಬಿಟ್ಟು ಒಂದು ವಾರ ಆಗಿತ್ತಷ್ಟೆ."

"ಮತ್ತೆ ಯಾಕಮ್ಮ ಸುಮ್ನಿದ್ದೆ?"

"ನಿನ್ನ ಪರೀಕ್ಷೆ ಮುಂದಿನ ತಿಂಗಳು. ನಿನ್ನ ಕೇಳಿದ್ರೆ ನೀನು ಕುಸಿದುಬಿಡ್ತಿದ್ದೆ. ಅಪ್ಪಂಗೆ ಹೇಳಿದ್ರೆ ಟಿಕೆಟ್ ಮಾಡಿಸಿಬಿಡೋರು. ರಘು ಹೋಗಿ ನಾಲ್ಕು ತಿಂಗಳು, ನನಗೂ ತಲೆ ನೆಟ್ಟಗಿರಲಿಲ್ಲ. ಇವಳದ್ದು ಆಮೇಲೆ ನೋಡ್ಕೊಂಡ್ರಾಯ್ತು ಅಂತ ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಎಲ್ಲಿತ್ತೋ ಅಲ್ಲೇ ಇಟ್ಟೆ. ನೀನಾಗೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ ಕಣೇ."

"ಐದು ವರ್ಷ ಅಮ್ಮ! ಐದು ವರ್ಷ ಇಬ್ರೂ…"

ನನ್ನ ದನಿ ಏರಿತು. ಅಮ್ಮನೂ ಏರಿಸಿದಳು. ನೀನು ತಾಯಿಯಲ್ಲವೇ ಎಂದು ನಾನು, ನೀನು ಅಕ್ಕನಲ್ಲವೇ ಎಂದು ಅವಳು. ಆ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಅತ್ತಿರಲಿಲ್ಲ. ನಾವು ಅಳುತ್ತಿದ್ದದ್ದು ಆ ಕಾಗದದ ಬಾಗಿಲಿನಿಂದ ಒಂದು ಮಾರು ದೂರದಲ್ಲಿ, ಅದೂ ಸಿರಿಗೆ ಒಂದಕ್ಷರ ಬಿಡದೆ ಅರ್ಥವಾಗುವ ಭಾಷೆಯಲ್ಲಿ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಬ್ಬರೂ ಬಾಯಿ ಮುಚ್ಚಿದೆವು.

ಒಳಗೆ ಚಾಪೆಯ ಮೇಲೆ ಹೆಜ್ಜೆ ಸರಿಯಿತು. ಬಾಗಿಲ ಹಿಂದೆ ನೆರಳು ಬಂದು ನಿಂತಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ವರ್ಷಗಳಿಂದ ನಾವು ಕೇಳದಿದ್ದ ದನಿ, ಒಡೆದು, ಒರಟಾಗಿ ಬಂತು. ಕನ್ನಡದಲ್ಲೇ ಬಂತು, ಒಂದು ಕಡೆಯೂ ತಡವರಿಸದೆ.

"ಮೆತ್ತಗೆ. ಅಪ್ಪಂಗೆ ಮೀಟಿಂಗ್ ಇದೆ."